ಮೊದಲು ಹೇಳಿಸಿ, ಆಮೇಲೆ ಬರೆಸಿ

ಪುಟ್ಟ ಮಕ್ಕಳಿಗೆ ‘ಕತೆ ಬರೀರಿ’ ಎಂದರೆ ಪೆನ್ಸಿಲ್ ಕಡಿಯುತ್ತ ಕೂರುತ್ತಾರೆ. ಬದಲಿಗೆ, ಹುಬ್ಬಳ್ಳಿಯ ಮಕ್ಕಳಾದರೆ, ಹೀಗೆ ಕೇಳಿ: ‘ಉಣಕಲ್ ಕೆರಿ ಹತ್ರ ಚಿಗರಿ ಬಸ್ಸಿನ್ಯಾಗ ಒಂದು ಮಂಗ್ಯಾ ಹತ್ತಿ ಕುಂತೈತಿ. ಮುಂದ ಏನಾತು?’ ಮಾತು ತಾನಾಗಿ ಹೊರಡುತ್ತದೆ. ಅದನ್ನು ಅವರ ಬಾಯಿಮಾತಿನಲ್ಲೇ ಹಲಗೆಯ ಮೇಲೆ ಬರೆಯಿರಿ. ‘ಹೋಗ್ಯಾನ’ವನ್ನು ‘ಹೋಗಿದ್ದಾನೆ’ ಎಂದು ತಿದ್ದುವ ಅವಸರ ಬೇಡ.

ಆಮೇಲೆ ಮೂರು ಚಿತ್ರ: ಯಾರು ಬಂದರು, ಏನು ತೊಡಕಾಯಿತು, ಹೇಗೆ ಪಾರಾದರು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಸಣ್ಣವರು ಚಿತ್ರ ಬಿಡಿಸಲಿ, ದೊಡ್ಡವರು ಕೆಳಗೆ ಒಂದೆರಡು ಸಾಲು ಬರೆಯಲಿ.

ಮೊದಲ ದಿನವೇ ಒತ್ತಕ್ಷರಕ್ಕೆ ಕೆಂಪು ಶಾಯಿ ಬೇಡ. ಮರುದಿನ ಗಟ್ಟಿಯಾಗಿ ಓದಿಸಿ, ಎಷ್ಟೋ ತಪ್ಪು ಅವರಿಗೇ ಕಾಣುತ್ತದೆ. ಕೊನೆಯಲ್ಲಿ ‘ನೀತಿ ಏನು?’ ಎಂದು ಕೇಳಬೇಡಿ. ‘ಇನ್ನೊಂದು ಕತಿ ಐತೇನು?’ ಎಂದು ಕೇಳಿ.