ಮಂಡಿಚಿಪ್ಪು ಒಡೆದರೆ ತಂತಿಯೋ, ಸ್ಕ್ರೂವೋ, ಪ್ಲೇಟೋ?

ಸ್ಕೂಟರ್ ಜಾರಿ ಮಂಡಿ ನೆಲಕ್ಕೆ ಬಡಿದು ಆಸ್ಪತ್ರೆ ಸೇರಿದವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು: ‘ಮಲಗಿಕೊಂಡೇ ಕಾಲನ್ನು ನೆಟ್ಟಗೆ ಮೇಲಕ್ಕೆತ್ತಿ ನೋಡೋಣ.’ ಕಾಲು ಎದ್ದು, ಎಕ್ಸ್‌ರೇಯಲ್ಲಿ ಬಿರುಕು 2-3 ಮಿಲಿಮೀಟರ್ ಮೀರದಿದ್ದರೆ ಹಲವರಿಗೆ ಮಂಡಿ ಅಲುಗದಂತೆ ಕಟ್ಟುವ ಪಟ್ಟಿಯೇ ಸಾಕು. ಕಾಲು ಏಳದೇ ಹೋದರೆ, ತೊಡೆಯ ಸ್ನಾಯು ಚಿಪ್ಪಿನ ಮೇಲಿನ ತುಂಡನ್ನು ಎಳೆದುಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಹಳೆಯ, ಹೆಚ್ಚು ಬಳಕೆಯ ವಿಧಾನ ‘ಟೆನ್ಷನ್ ಬ್ಯಾಂಡ್’. ಚಿಪ್ಪಿನೊಳಗೆ ಎರಡು ಗಟ್ಟಿ ತಂತಿ ತೂರಿಸಿ, ಮುಂಭಾಗದಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ಇನ್ನೊಂದು ತಂತಿ ಬಿಗಿಯುತ್ತಾರೆ. ಮಂಡಿ ಮಡಿಸಿದಾಗ ಬೀಳುವ ಎಳೆತವೇ ತುಂಡುಗಳನ್ನು ಒತ್ತಿ ಕೂಡಿಸುವಂತೆ ಮಾಡುವ ಜಾಣ ಲೆಕ್ಕ ಇದು. ತೊಡಕೆಂದರೆ, ಚಿಪ್ಪಿನ ಮೇಲೆ ಇರುವುದು ತೆಳು ಚರ್ಮ. ತಂತಿಯ ತುದಿ ಚುಚ್ಚಿ, ಅದನ್ನು ತೆಗೆಸಲು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪವಲ್ಲ.

ಟೊಳ್ಳು ಸ್ಕ್ರೂಗಳ ಒಳಗಿಂದಲೇ ತಂತಿ ಹಾಯಿಸಿದರೆ ಈ ಚುಚ್ಚಾಟ ತಗ್ಗುತ್ತದೆ. ಆದರೆ ತುಂಡುಗಳು ದೊಡ್ಡವಿರಬೇಕು, ಮೂಳೆ ಗಟ್ಟಿಯಿರಬೇಕು. ಚಿಪ್ಪು ಹಪ್ಪಳದಂತೆ ಪುಡಿಯಾಗಿದ್ದರೆ ಪುಟ್ಟ ಪ್ಲೇಟು ನೆರವಾಗುತ್ತದೆ. ಲೋಹದ ತಂತಿಯ ಬದಲು ಗಟ್ಟಿ ದಾರ ಬಳಸುವವರೂ ಇದ್ದಾರೆ. ಇಡೀ ಚಿಪ್ಪನ್ನು ತೆಗೆಯುವುದು ಕೊನೆಯ ದಾರಿ. ಅದರಿಂದ ಕಾಲು ಚಾಚುವ ಬಲ ಕುಂದುತ್ತದೆ.

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ಎಷ್ಟು ತುಂಡಾಗಿದೆ? ಲೋಹವನ್ನು ಮುಂದೆ ತೆಗೆಸಬೇಕೆ? ಮಂಡಿ ಮಡಿಸುವ ವ್ಯಾಯಾಮ ಎಂದಿನಿಂದ? ನೆಲದ ಮೇಲೆ ಚಕ್ಕಳಮಕ್ಕಳ ಕೂತು ಉಣ್ಣುವ ರೂಢಿಯಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ತಿಳಿಸಬಹುದು.