ಕೋಡು ಸರಿಯಿದೆ, ಪುಟ ಖಾಲಿ

ಜಾಂಗೋದಲ್ಲಿ ಬರೆದ ನಮ್ಮ ವೆಬ್‌ಸೈಟು ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸರಾಗ. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯ ವಿಂಡೋಸ್‌ನಲ್ಲಿ ಪುಟ ಖಾಲಿ. ಸರ್ವರ್ ಲಾಗ್ ನೋಡಿದರೆ ಎಲ್ಲ ಫೈಲಿಗೂ 200. "ಕ್ಯಾಶ್ ಕ್ಲಿಯರ್ ಮಾಡಿ ಆಯ್ತು ಸರ್," ಅಂದಳು. ಇಂಥ ಹೊತ್ತಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಕ್ಯಾಶ್‌ಗೇ. ಬ್ರೌಸರಿನ ಕನ್ಸೋಲ್ ತೆರೆದಾಗ ಕೆಂಪಕ್ಷರದ ತಕರಾರು ಸಿಕ್ಕಿತು: ಬೇಕಾದದ್ದು ಜಾವಾಸ್ಕ್ರಿಪ್ಟ್ ಮಾಡ್ಯೂಲ್, ಸರ್ವರ್ ಕಳಿಸಿದ್ದು 'ಟೆಕ್ಸ್ಟ್/ಪ್ಲೇನ್'.

ಹಾಗೆಂದು ಹೇಳಿದವರಾದರೂ ಯಾರು? ನಮ್ಮ ಕೋಡಿನಲ್ಲಿ ಎಲ್ಲೂ ಇಲ್ಲ. ಜಾಂಗೋದ ಡೆವಲಪ್‌ಮೆಂಟ್ ಸರ್ವರ್ ಫೈಲಿನೊಳಗೆ ಇಣುಕುವುದಿಲ್ಲ. ಎಕ್ಸ್‌ಟೆನ್ಶನ್ ತೋರಿಸಿ ಪೈಥಾನಿನ 'ಮೈಮ್‌ಟೈಪ್ಸ್' ಮಾಡ್ಯೂಲನ್ನು ಕೇಳುತ್ತದೆ. ಆ ಮಾಡ್ಯೂಲಿನ ಸ್ವಂತ ಪಟ್ಟಿಯಲ್ಲಿ ಡಾಟ್ ಜೆಎಸ್ ಸರಿಯಾಗಿಯೇ ಇದೆ. ಆದರೆ ವಿಂಡೋಸ್‌ನಲ್ಲಿ ಅದು ರಿಜಿಸ್ಟ್ರಿಯನ್ನೂ ಓದುತ್ತದೆ, ಅಲ್ಲಿ ಬರೆದದ್ದೇ ಕೊನೆಯ ಮಾತು. ರಿಜಿಸ್ಟ್ರಿ ಎಡಿಟರಿನಲ್ಲಿ ಕ್ಲಾಸಸ್ ರೂಟಿನ ಕೆಳಗೆ ಡಾಟ್ ಜೆಎಸ್ ಕೀ ಹುಡುಕಿದೆವು. 'ಕಂಟೆಂಟ್ ಟೈಪ್' ಎದುರಿಗೆ ಟೆಕ್ಸ್ಟ್/ಪ್ಲೇನ್ ಕೂತಿತ್ತು. ಯಾವುದೋ ತಂತ್ರಾಂಶ ಇನ್‌ಸ್ಟಾಲ್ ಆಗುವಾಗ ಬರೆದು ಹೋಗಿರಬೇಕು.

ಹಳೇ ಪ್ರಾಜೆಕ್ಟುಗಳು ಅದೇ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದವಲ್ಲ? ಸಾದಾ ಸ್ಕ್ರಿಪ್ಟ್ ಟ್ಯಾಗಾದರೆ, 'ನೋಸ್ನಿಫ್' ಹೆಡರ್ ಇಲ್ಲದಿದ್ದರೆ, ಬ್ರೌಸರು ಟೆಕ್ಸ್ಟ್/ಪ್ಲೇನ್ ಎಂದದ್ದನ್ನೂ ಓಡಿಸುತ್ತದೆ. ಮಾಡ್ಯೂಲ್ ಎಂದರೆ ಮಾತ್ರ ಮುಲಾಜಿಲ್ಲ. ಈ ಪ್ರಾಜೆಕ್ಟಿನಲ್ಲಿ ಎಲ್ಲವೂ ಮಾಡ್ಯೂಲೇ.

ಅವಳು ಆಗಲೇ ರಿಜಿಸ್ಟ್ರಿ ತಿದ್ದಲು ಹೊರಟಿದ್ದಳು. ಬೇಡ ಅಂದೆ. ಇವಳದು ಸರಿಹೋದರೂ ನಾಳೆ ಬರುವವರದು ಹಾಗೇ ಇರುತ್ತದೆ. ಅದರ ಬದಲು ಸೆಟ್ಟಿಂಗ್ಸ್ ಫೈಲಿನಲ್ಲಿ ಮೈಮ್‌ಟೈಪ್ಸ್‌ನ 'ಆಡ್ ಟೈಪ್' ಕರೆದು, ಡಾಟ್ ಜೆಎಸ್ ಎಂದರೆ ಟೆಕ್ಸ್ಟ್/ಜಾವಾಸ್ಕ್ರಿಪ್ಟ್ ಎಂದು ಒಂದೇ ಸಾಲು ಸೇರಿಸಿ ಕಮಿಟ್ ಮಾಡಿದೆವು. (ಈ ಹೆಸರಿನದೂ ಒಂದು ಕತೆ: 2006ರ ಆರ್‌ಎಫ್‌ಸಿ 4329 ಇದನ್ನು ಬದಿಗೆ ಸರಿಸಿ 'ಅಪ್ಲಿಕೇಶನ್/ಜಾವಾಸ್ಕ್ರಿಪ್ಟ್' ಬಳಸಿ ಎಂದಿತು, 2022ರ ಆರ್‌ಎಫ್‌ಸಿ 9239 ಮತ್ತೆ ಇದನ್ನೇ ತಂದು ಕೂರಿಸಿತು.) ಪ್ರೊಡಕ್ಷನ್‌ನಲ್ಲಿ ಈ ಕಾಟ ಇರಲೇ ಇಲ್ಲ, ಅಲ್ಲಿ ಫೈಲು ಬಡಿಸುವ ಎಂಜಿನ್‌ಎಕ್ಸ್ ತನ್ನದೇ ಮೈಮ್ ಪಟ್ಟಿ ಇಟ್ಟುಕೊಂಡಿರುತ್ತದೆ.

ಆಪರೇಟಿಂಗ್ ಸಿಸ್ಟಮ್ಮಿನ ಪಟ್ಟಿಯನ್ನು ನೆಚ್ಚಿಕೊಳ್ಳುವುದನ್ನು ಅಲ್ಲಿಂದೀಚೆಗೆ ಬಿಟ್ಟೆ. ಡಾಟ್ ಟಿಎಸ್ ಅನ್ನೇ ನೋಡಿ: ನಮಗದು ಟೈಪ್‌ಸ್ಕ್ರಿಪ್ಟ್, ಟಿವಿ ರೆಕಾರ್ಡ್ ಮಾಡುವವರಿಗೆ ಎಂಪೆಗ್ ವಿಡಿಯೊ, ಕ್ಯೂಟಿ ಬಳಸುವವರಿಗೆ ಅನುವಾದದ ಫೈಲು. ಮೂವರದೂ ನ್ಯಾಯವೇ. ಲಿನಕ್ಸ್‌ನಲ್ಲಿ ಹೋಮ್ ಡೈರೆಕ್ಟರಿಯೊಳಗೆ ಸಣ್ಣ ಎಕ್ಸ್‌ಎಂಎಲ್ ಬರೆದು, 'ಅಪ್‌ಡೇಟ್-ಮೈಮ್-ಡೇಟಾಬೇಸ್' ಓಡಿಸಿ ನನ್ನ ಮಟ್ಟಿಗೆ ತೀರ್ಮಾನ ಮಾಡಿಕೊಂಡಿದ್ದೇನೆ. ಪ್ರಾಜೆಕ್ಟು ಮಾತ್ರ ಅದನ್ನು ನಂಬಿಕೊಂಡಿಲ್ಲ.