ಒಂದು ಶೇಕಡಾಕ್ಕೆ ಎಷ್ಟು ಡಾಲರ್?

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನಿಗೆ ಪುಕ್ಕಟೆ ಸಲಹೆಗೇನೂ ಬರವಿಲ್ಲ. ನನ್ನದು 2013ರ ಸಿಯಾನ್ ಎಫ್‌ಆರ್‌ಎಸ್. ಟೊಯೋಟಾ, ಸುಬಾರು ಸೇರಿ ಮಾಡಿದ ಪುಟ್ಟ ಕಾರು, 200 ಅಶ್ವಶಕ್ತಿ. ‘ಎಳೆತ ಸಾಲ್ದು ಗುರುವೇ, ಟರ್ಬೊ ಹಾಕ್ಸು’ ಎಂದು ಇಲ್ಲಿ ಮಿಷಿಗನ್‌ನಲ್ಲೇ ಇರುವ ಹಾಸನದ ಗೆಳೆಯ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಟರ್ಬೊ ಎಂದರೆ ಸಾವಿರಾರು ಡಾಲರ್ ಖರ್ಚು, ಆಮೇಲೆ ಎಂಜಿನ್ ಎಷ್ಟು ದಿನ ತಾಳುತ್ತದೋ ಎಂಬ ಚಿಂತೆ. ನಾನು ಕಣ್ಣು ಹಾಯಿಸಿದ್ದು ಹಿಂದಿನ ಡಿಫರೆನ್ಷಿಯಲ್ ಮೇಲೆ.

ನಮ್ಮೂರಿನ ಲಾರಿ ಗ್ಯಾರೇಜುಗಳಲ್ಲಿ ಕ್ರೌನ್ ಪಿನಿಯನ್ ಎನ್ನುತ್ತಾರಲ್ಲ, ಆ ಹಲ್ಲುಗಳ ಜೋಡಿಯದೇ ಆಟ ಇದೆಲ್ಲ. ನನ್ನ ಕಾರಿನಲ್ಲಿ ಶಾಫ್ಟ್ 4.1 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅದನ್ನು 4.88ಕ್ಕೆ ಏರಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಶೇ 19ರಷ್ಟು ಹೆಚ್ಚು ಟಾರ್ಕ್. ಎಂಜಿನ್ನಿನ ಶಕ್ತಿ ಮಾತ್ರ ಎಳ್ಳಷ್ಟೂ ಹೆಚ್ಚುವುದಿಲ್ಲ. ಅದೇ 200 ಕುದುರೆ, ಗೇರುಗಳು ಬೇಗ ಬೇಗ ಮುಗಿಯುತ್ತವೆ, ಅಷ್ಟೇ.

ಅಗ್ಗದ ದಾರಿಯೂ ಒಂದಿತ್ತು. 2017ರಿಂದ ಟೊಯೋಟಾ ತಾನೇ ಈ ಕಾರಿನ ಮ್ಯಾನ್ಯುಯಲ್ ಮಾದರಿಗೆ 4.3 ಕೊಟ್ಟಿತು. ಅಪಘಾತವಾದ ಕಾರುಗಳಿಂದ ಬಿಚ್ಚಿದ ಆ ಯೂನಿಟ್ ಗುಜರಿಯಲ್ಲಿ ಇಡಿಯಾಗಿ ಸಿಗುತ್ತದೆ. ನನಗೆ ಹೇಳಿದ ಬೆಲೆ 600 ಡಾಲರ್, ಕೂರಿಸುವ ಕೂಲಿ, ಎಣ್ಣೆ ಸೇರಿ 1,100. ಸಿಗುವ ಲಾಭ ಶೇ 5ಕ್ಕೂ ಕೊಂಚ ಕಡಿಮೆ. 4.88ರ ಗೇರ್ ಸೆಟ್, ಬೇರಿಂಗ್, ಕೂಲಿ ಎಲ್ಲ ಕೂಡಿಸಿದರೆ 2,250. ದುಬಾರಿಯೇ. ಆದರೆ ಭಾಗಿಸಿ ನೋಡಿ: ಮೊದಲನೆಯದರಲ್ಲಿ ಒಂದು ಶೇಕಡಾಕ್ಕೆ ಸುಮಾರು 225 ಡಾಲರ್, ಎರಡನೆಯದರಲ್ಲಿ 120ರ ಒಳಗೆ. ಕಾರನ್ನು ಬಿಚ್ಚಿ ಕಟ್ಟುವ ಕೂಲಿ ಎರಡಕ್ಕೂ ಒಂದೇ ಆದ್ದರಿಂದ ಸಣ್ಣ ಬದಲಾವಣೆಯೇ ಇಲ್ಲಿ ತುಟ್ಟಿ. ಅದರಲ್ಲೂ, ಸವೆದ ಟೈರ್ ಬದಲಿಸುವಾಗ 215/45ರ ಜಾಗಕ್ಕೆ 225/40 ಹಾಕಿಸಿದರೆ ಚಕ್ರ ಶೇ 2ರಷ್ಟು ಚಿಕ್ಕದಾಗಿ, 4.3 ಕೊಡುವ ಲಾಭದಲ್ಲಿ ಅರ್ಧದ ಹತ್ತಿರಕ್ಕೆ ಬರುತ್ತದೆ. ಟೈರಿಗೆ ಹೇಗೂ ದುಡ್ಡು ಕೊಡಲೇಬೇಕು. ಸ್ಪೀಡೋಮೀಟರ್ ಚೂರು ಹೆಚ್ಚು ತೋರಿಸುತ್ತದೆ, ತೋರಿಸಲಿ.

2,250ರಲ್ಲಿ ನಾನು ಚೌಕಾಸಿ ಮಾಡದೆ ಕೊಟ್ಟದ್ದು ಗೇರ್ ಸೆಟ್ ಮಾಡುವ ಕೂಲಿ, 600 ಡಾಲರ್. ಆ ಮೆಕ್ಯಾನಿಕ್ ಹಲ್ಲುಗಳಿಗೆ ಹಳದಿ ಬಣ್ಣದ ಪೇಸ್ಟ್ ಬಳಿದು, ಕೈಯಲ್ಲೇ ಪಿನಿಯನ್ ತಿರುಗಿಸಿ, ಹಲ್ಲಿಗೆ ಹಲ್ಲು ತಾಗಿದ ಗುರುತು ಎಲ್ಲಿ ಬಿತ್ತೆಂದು ಟಾರ್ಚ್ ಬಿಟ್ಟು ನೋಡುತ್ತಿದ್ದ. ಗುರುತು ಹಲ್ಲಿನ ಬುಡದತ್ತ ಸರಿದಿತ್ತು. ಪೂರ್ತಿ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ಷಿಮ್ ಬದಲಿಸಿ, ಮತ್ತೆ ಕಟ್ಟಿ, ಮತ್ತೆ ಬಣ್ಣ. ಈ ಕೆಲಸ ಅರೆಬರೆಯಾದರೆ ಗೇರು ಊಳಿಡುತ್ತದೆ; ಆಮೇಲೆ ಹಲ್ಲೇ ಹೋಗುತ್ತದೆ, ಅದರ ಜತೆ ಅಷ್ಟೂ ದುಡ್ಡು.

ಕಳೆದುಕೊಂಡದ್ದೂ ಇದೆ. ಮೊದಲು ಎರಡನೇ ಗೇರಿನಲ್ಲೇ ಗಂಟೆಗೆ 60 ಮೈಲಿ ಮುಟ್ಟುತ್ತಿತ್ತು; ಈಗ 50 ದಾಟುವಷ್ಟರಲ್ಲಿ ಮೂರಕ್ಕೆ ಹೋಗಬೇಕು. ಸೊನ್ನೆಯಿಂದ 60ರ ಅಂಕಿ ಹೇಳಿಕೊಂಡು ಮೆರೆಯುವವರಿಗೆ ಇದು ಹೇಳಿಸಿದ್ದಲ್ಲ. ವಾಟರ್‌ಫೋರ್ಡ್ ಹಿಲ್ಸ್‌ನಂಥ ಒಂದೂವರೆ ಮೈಲಿಯ ಸಣ್ಣ ಟ್ರ್ಯಾಕಿನಲ್ಲಿ ತಿರುವು ಮುಗಿಸಿ ಹೊರಬರುವಾಗ ಕೊಟ್ಟ ದುಡ್ಡು ಕಾಣಿಸುತ್ತದೆ. ಹೆದ್ದಾರಿಯಲ್ಲಿ ಕೇಳಿಸುತ್ತದೆ: 70 ಮೈಲಿ ವೇಗದಲ್ಲಿ ಆರನೇ ಗೇರಿನಲ್ಲಿ ಮೂರು ಸಾವಿರ ಆರ್‌ಪಿಎಂ ಇದ್ದದ್ದು ಈಗ 3,600ರ ಹತ್ತಿರ. ಈ ಎಂಜಿನ್ನಿನ ಟಾರ್ಕ್ ಕುಸಿಯುವ ಕುಖ್ಯಾತ ಜಾಗವೂ ಅಲ್ಲೇ! ಷಿಕಾಗೋಗೆ ಹೋಗಬೇಕೆಂದರೆ ಹೆಂಡತಿ ತನ್ನ ಕಾರಿನ ಕೀಲಿಯನ್ನೇ ಕೈಗೆತ್ತಿಕೊಳ್ಳುತ್ತಾಳೆ.

ಪೆಟ್ರೋಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು ಇದು, ಆಗ ಈ ಕಾರು ಷೆಡ್ಡಿನಲ್ಲೇ. ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಓಡಿಸಿ, ಶೇ 10 ಹೆಚ್ಚು ಕುಡಿಯಿತೆಂದರೂ ಹದಿಮೂರು ಹದಿನಾಲ್ಕು ಗ್ಯಾಲನ್. ಅದು ತಲೆ ಕೆಡಿಸಿಕೊಳ್ಳುವ ಖರ್ಚಲ್ಲ. ದಿನಾ ಇದರಲ್ಲೇ ಆಫೀಸಿಗೆ ಹೋಗುವವರ ಲೆಕ್ಕ ಬೇರೆ. ಅವರು ಟೈರಿಗೇ ನಿಲ್ಲುವುದು ವಾಸಿ.

ಅಸಲು ಲೆಕ್ಕ ಮಾರುವಾಗಿನದು. ಮಾರ್ಪಾಡು ಮಾಡಿದ ಕಾರೆಂದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಹಾಗಾಗಿ ನನ್ನ ಡಿಫರೆನ್ಷಿಯಲ್ಲನ್ನು ಬಿಚ್ಚಿಸಲೇ ಇಲ್ಲ. ಯಾರಿಗೂ ಬೇಡವಾದ ಹಳೇ 4.1 ಯೂನಿಟ್ ಒಂದನ್ನು 300 ಡಾಲರಿಗೆ ತಂದು 4.88 ಅದರೊಳಗೆ ಕಟ್ಟಿಸಿದೆ. ಆ 2,250ರಲ್ಲಿ ಇದೂ ಸೇರಿದೆ. ಕೆಲಸ ನಡೆದಷ್ಟು ದಿನ ಕಾರು ಓಡಾಡಿಕೊಂಡೇ ಇತ್ತು. ಕಂಪನಿಯ ಯೂನಿಟ್ ಈಗ ಎಣ್ಣೆ ಬಸಿದು, ಬಾಯಿ ಮುಚ್ಚಿ, ಷೆಡ್ಡಿನ ಅಟ್ಟದ ಮೇಲಿದೆ. ಕಾರು ಮಾರುವ ದಿನ ಅದು ಕೆಳಗಿಳಿಯುತ್ತದೆ. 4.88 ಬೇರೆಯಾಗಿ ಬಿಕರಿಯಾಗುತ್ತದೆ. ಅರ್ಧ ಬೆಲೆಗೆ ಕೇಳಿದವರು ಈಗಾಗಲೇ ಇದ್ದಾರೆ, ಹಾಸನದವನೂ ಸೇರಿ.